ಕೆಳಗಿನ ಕಾರಿನಲ್ಲಿ ಮೊಸರನ್ನ

ಮೊದಲ ಸಲ ಬೆಟ್ಟ ಹತ್ತಲು ಹೋದಾಗ ನಾವು ಕೋಲ್ಚಕ್ ಕೆರೆ ನೋಡಿ ಅಲ್ಲಿಂದಲೇ ವಾಪಸ್ ಬಂದಿದ್ದೆವು. ಮಳೆ ಬಂದಿರಲಿಲ್ಲ, ಯಾರ ಕಾಲೂ ಉಳುಕಿರಲಿಲ್ಲ. ಮನೆಯಲ್ಲಿ ಉಪ್ಪಿಟ್ಟು ತಿಂದು, ಎರಡನೇ ಲೋಟ ಕಾಫಿ ಕುಡಿದು ಹೊರಟಿದ್ದೇ ತಪ್ಪಾಗಿತ್ತು. ಸಿಯಾಟಲ್ ಪಕ್ಕದ ನಮ್ಮ ರೆಡ್ಮಂಡ್‌ನಿಂದ ಬೆಟ್ಟದ ಬುಡದ ಊರು ಲೆವನ್‌ವರ್ತ್‌ಗೆ ಎರಡೂವರೆ ಗಂಟೆ. ಅಲ್ಲಿಂದ ಐಸಿಕಲ್ ರಸ್ತೆ ಹಿಡಿದು, ಆಮೇಲೆ ಮಣ್ಣಿನ ರಸ್ತೆಯಲ್ಲಿ ಕುಲುಕುತ್ತಾ ಮೇಲೆ ಹೋದರೆ, ಪಾರ್ಕಿಂಗ್ ಜಾಗ ತುಂಬಿ ರಸ್ತೆ ಪಕ್ಕ ಸುಮಾರು ಒಂದು ಮೈಲಿ ಕಾರುಗಳ ಸಾಲು. ನಡೆಯಲು ಶುರು ಮಾಡಿದಾಗ ಹತ್ತು ಗಂಟೆ. ಕೆರೆ ಮುಟ್ಟಿದಾಗ ಒಂದೂವರೆ. ಆಚೆ ದಡದಲ್ಲಿ ಗೋಡೆ ಥರ ನಿಂತಿದ್ದ ಆಸ್‌ಗಾರ್ಡ್ ಪಾಸ್ ಎಂಬ ಕಡಿದಾದ ಏರನ್ನು ನೋಡಿ ನನ್ನ ಹೆಂಡತಿ, 'ರೀ, ಅದನ್ನ ಈಗ ಹತ್ತೋದಾ?' ಅಂದಳು. ನಾನು ಮಾತಾಡಲಿಲ್ಲ. ನಿಪ್ಪಟ್ಟು ತಿಂದು ಇಳಿದೆವು.

ಇದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಬೆಟ್ಟಸಾಲಿನಲ್ಲಿರುವ ಜಾಗ. ಹೆಸರು ಎನ್‌ಚಾಂಟ್‌ಮೆಂಟ್ಸ್. ಸಿಯಾಟಲ್ ಕಡೆ ಇರುವ ನಮ್ಮವರಲ್ಲಿ ಬೆಟ್ಟ ಹತ್ತುವ ಹುಚ್ಚಿರುವವರಿಗೆಲ್ಲ ಗೊತ್ತಿರುತ್ತದೆ. 1976ರಲ್ಲಿ ಕಾಯ್ದಿಟ್ಟ ಕಾಡೆಂದು ಘೋಷಿಸಿದ ಆಲ್ಪೈನ್ ಲೇಕ್ಸ್ ವೈಲ್ಡರ್‌ನೆಸ್‌ನೊಳಗೆ, ಗ್ರಾನೈಟ್ ಬಂಡೆಗಳ ನಡುವೆ ಮೆಟ್ಟಿಲಿಟ್ಟ ಹಾಗೆ ಒಂದರ ಕೆಳಗೊಂದು ಕೆರೆಗಳು. ಒಂದು ತುದಿಯಿಂದ ಹತ್ತಿ ಇನ್ನೊಂದು ತುದಿಯಲ್ಲಿ ಇಳಿದರೆ 18 ಮೈಲಿಗೂ ಸ್ವಲ್ಪ ಜಾಸ್ತಿ, ಅಂದರೆ ಹತ್ತಿರ ಹತ್ತಿರ 30 ಕಿಲೋಮೀಟರ್. ಹತ್ತುವುದು ಸುಮಾರು 4,500 ಅಡಿ. ಇಳಿಯುವುದು ಸುಮಾರು 6,500 ಅಡಿ. ಈ ಎರಡನೇ ಅಂಕಿಯನ್ನು ಯಾರೂ ಸರಿಯಾಗಿ ಓದುವುದಿಲ್ಲ. ನಾನೂ ಓದಿರಲಿಲ್ಲ.

ಒಂದೇ ದಿನದಲ್ಲಿ ಯಾಕೆ ಅಂತ ಕೇಳುತ್ತೀರಿ. ಮೇಲೆ ಟೆಂಟ್ ಹಾಕಿ ಮಲಗಬೇಕೆಂದರೆ ಮೇ 15ರಿಂದ ಅಕ್ಟೋಬರ್ 31ರವರೆಗೆ ಪರ್ಮಿಟ್ ಬೇಕು. ಅದನ್ನು ಲಾಟರಿ ಎತ್ತಿ ಕೊಡುತ್ತಾರೆ. ನಾನು ಮೂರು ವರ್ಷ ಅರ್ಜಿ ಹಾಕಿದೆ, ಮೂರೂ ವರ್ಷ 'ಕ್ಷಮಿಸಿ' ಎಂಬ ಮೇಲ್ ಬಂತು. ಆದರೆ ಬೆಳಗ್ಗೆ ಹೋಗಿ ಅದೇ ದಿನ ಇಳಿಯುವವರಿಗೆ ಲಾಟರಿ ಇಲ್ಲ. ದಾರಿಯ ಶುರುವಿನಲ್ಲಿರುವ ಪೆಟ್ಟಿಗೆಯಿಂದ ಚೀಟಿ ತೆಗೆದು, ತುಂಬಿಸಿ, ಒಂದು ಪ್ರತಿ ಅಲ್ಲೇ ಹಾಕಿ, ಇನ್ನೊಂದನ್ನು ಬ್ಯಾಗಿಗೆ ಕಟ್ಟಿಕೊಂಡರೆ ಆಯಿತು. ದುಡ್ಡಿಲ್ಲ. ಕಾರು ನಿಲ್ಲಿಸಲು ಮಾತ್ರ ದಿನಕ್ಕೆ 5 ಡಾಲರ್ ಪಾಸ್. ಎರಡು ಕಾರು ಒಯ್ದರೆ ಎರಡು ಪಾಸ್ ಬೇಕು. ಇದನ್ನು ಬರೆಯುತ್ತಿರುವುದು ಯಾಕೆಂದರೆ ನಾವು ಎರಡನೆಯದನ್ನು ಮರೆಯುವುದರಲ್ಲಿದ್ದೆವು.

ಎರಡು ಕಾರು ಯಾಕೆ ಅನ್ನುವುದೂ ಹೇಳಬೇಕು. ಹತ್ತುವ ಜಾಗ ಸ್ಟುವರ್ಟ್ ಲೇಕ್ ಟ್ರೇಲ್‌ಹೆಡ್, ಸುಮಾರು 3,400 ಅಡಿ ಎತ್ತರದಲ್ಲಿದೆ. ಇಳಿಯುವ ಜಾಗ ಸ್ನೋ ಲೇಕ್ಸ್ ಟ್ರೇಲ್‌ಹೆಡ್, ಅದಕ್ಕಿಂತ 2,000 ಅಡಿ ಕೆಳಗೆ. ಎರಡರ ನಡುವೆ ರಸ್ತೆಯಲ್ಲಿ ಎಂಟು ಮೈಲಿ. ಹಾಗಾಗಿ ಬಹಳ ಜನ ಮೇಲಿನ ಕಡೆಯಿಂದ ಹತ್ತಿ ಕೆಳಗಿನ ಕಡೆ ಇಳಿಯುತ್ತಾರೆ. ಒಂದು ಕಾರು ಕೆಳಗೆ ಬಿಟ್ಟು, ಇನ್ನೊಂದರಲ್ಲಿ ಎಲ್ಲರೂ ಮೇಲೆ ಹೋಗಬೇಕು. ದುಡ್ಡು ತೆಗೆದುಕೊಂಡು ಕರೆದೊಯ್ಯುವ ವ್ಯಾನುಗಳೂ ಇವೆ. ಆದರೆ ನಮ್ಮ ನಡಿಗೆಯ ವೇಗ ಬೇರೆಯವರ ಗಡಿಯಾರಕ್ಕೆ ಕಟ್ಟಿಕೊಳ್ಳುವುದು ನನಗೆ ಇಷ್ಟವಿರಲಿಲ್ಲ.

ಎರಡನೇ ಸಲಕ್ಕೆ ನಾಲ್ಕು ಜನ ಸೇರಿದೆವು. ನಾನು, ಹೆಂಡತಿ, ಅವಳ ತಮ್ಮ, ಮತ್ತೆ ನನ್ನ ಆಫೀಸಿನ ಹುಬ್ಬಳ್ಳಿ ಗೆಳೆಯ. ತಿಂಗಳು ಯಾವುದು ಅನ್ನುವುದಕ್ಕೇ ಒಂದು ಸಂಜೆ ಹೋಯಿತು. ಜುಲೈ ಆದರೆ ಆಸ್‌ಗಾರ್ಡ್ ಮೇಲೆ ಹಿಮ ಉಳಿದಿರಬಹುದು. ಆ ಹಿಮದ ಅಡಿಯಲ್ಲಿ ತೊರೆ ಹರಿಯುತ್ತದೆ. ಮೇಲಿಂದ ಗಟ್ಟಿ ಕಾಣುತ್ತದೆ, ಒಳಗೆ ಟೊಳ್ಳು. ಕಾಲು ಕುಸಿದು ಜನ ಸತ್ತಿದ್ದಾರೆ. ಜೊತೆಗೆ ಸೊಳ್ಳೆ. ಆಗಸ್ಟ್‌ನಲ್ಲಿ ಕಾಳ್ಗಿಚ್ಚಿನ ಹೊಗೆ ಯಾವಾಗ ಬೇಕಾದರೂ ಬರಬಹುದು. ಸೆಪ್ಟೆಂಬರ್ ಕೊನೆಗೆ ಲಾರ್ಚ್ ಮರಗಳು ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ಪೈನ್ ಜಾತಿಯ ಮರವಾದರೂ ಚಳಿಗೆ ಮುಂಚೆ ಎಲೆ ಉದುರಿಸುವ ಮರ ಅದು. ಆ ಎರಡು ವಾರ ಊರಿಗೆ ಊರೇ ಅಲ್ಲಿರುತ್ತದೆ. ಬಾಮೈದನಿಗೆ ಬಂಗಾರವೇ ಬೇಕಿತ್ತು. 'ಭಾವ, ಫೋಟೋ ಅಂದ್ರೆ ಅದು' ಅಂದ. ಆದರೆ ಅಷ್ಟೊತ್ತಿಗೆ ಹಗಲಿನ ಉದ್ದ ಹನ್ನೆರಡು ಗಂಟೆಗೆ ಇಳಿದಿರುತ್ತದೆ. ನಮ್ಮಂಥ ನಿಧಾನದವರಿಗೆ ಬಂಗಾರಕ್ಕಿಂತ ಬೆಳಕು ಮುಖ್ಯ. ಸೆಪ್ಟೆಂಬರ್ ಎರಡನೇ ವಾರ ಎಂದು ತೀರ್ಮಾನ ಮಾಡಿದೆ. ಮಾಡಿದೆ ಅಂತಲೇ ಬರೆಯುತ್ತೇನೆ, ಯಾಕೆಂದರೆ ಅಲ್ಲಿ ವೋಟು ಹಾಕಿಸಲಿಲ್ಲ.

ಆಮೇಲೆ ಸಮಯದ ಲೆಕ್ಕ. ಮೊದಲ ಸಲ ನಾನು ಮುಂದಕ್ಕೆ ಲೆಕ್ಕ ಹಾಕಿದ್ದೆ. ಎಷ್ಟಕ್ಕೆ ಹೊರಡುತ್ತೇವೆ, ಎಷ್ಟಕ್ಕೆ ಮುಟ್ಟುತ್ತೇವೆ, ಹೀಗೆ. ಈ ಸಲ ಹಿಂದಕ್ಕೆ ಹಾಕಿದೆ. ಸೂರ್ಯ ಮುಳುಗುವುದು ಏಳೂವರೆ ಸುಮಾರಿಗೆ. ಆರೂವರೆಗೆ ಕಾರಿನ ಹತ್ತಿರ ಇರಬೇಕು. ಹಾಗಾದರೆ ನಾಲ್ಕಕ್ಕೆ ಇಳಿಯುವ ದಾರಿಯ ಸ್ನೋ ಕೆರೆ ಬಿಡಬೇಕು. ಹಾಗಾದರೆ ಹನ್ನೊಂದರೊಳಗೆ ಆಸ್‌ಗಾರ್ಡ್ ನೆತ್ತಿಯಲ್ಲಿರಬೇಕು. ಹಾಗಾದರೆ ಎಂಟೂವರೆಗೆ ಅದರ ಬುಡ. ಹಾಗಾದರೆ ನಾಲ್ಕೂವರೆಗೆ ಮೊದಲ ಹೆಜ್ಜೆ. ಒಂದು ಹಾಳೆಯಲ್ಲಿ ಇದನ್ನು ಬರೆದು, ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಸಾಲು ಸೇರಿಸಿದೆ. 'ಒಂಬತ್ತೂವರೆಗೆ ಬುಡ ಮುಟ್ಟದಿದ್ದರೆ ವಾಪಸ್. ಹನ್ನೆರಡಕ್ಕೆ ನೆತ್ತಿ ಮುಟ್ಟದಿದ್ದರೆ ವಾಪಸ್. ಚರ್ಚೆ ಇಲ್ಲ.' ಎಲ್ಲರ ಕೈಲೂ ಸಹಿ ಹಾಕಿಸಿದೆ. ಗೆಳೆಯ ಹಾಳೆ ನೋಡಿ, 'ಏನಪಾ, ಲಗ್ನಪತ್ರಿಕಿ ಬರೆದಂಗ ಬರದೀಯಲ್ಲ' ಅಂದ. ಆದರೂ ಸಹಿ ಹಾಕಿದ.

ನೆತ್ತಿಗೆ ಅಷ್ಟೊಂದು ಮಹತ್ವ ಯಾಕೆಂದರೆ, ಅದನ್ನು ದಾಟಿದ ಮೇಲೆ ಬಂದ ದಾರಿಯಲ್ಲಿ ಹಿಂದಿರುಗುವುದು ಮುಂದೆ ಹೋಗುವುದಕ್ಕಿಂತ ಕಷ್ಟ ಅನ್ನಿಸಲು ಶುರುವಾಗುತ್ತದೆ. ಆಮೇಲೆ ಏನೇ ಆದರೂ ಇನ್ನೂ 10 ಮೈಲಿಗಿಂತ ಜಾಸ್ತಿ ನಡೆಯಲೇಬೇಕು. ಮೊಬೈಲ್ ಸಿಗ್ನಲ್ ಇಲ್ಲ. ಕುಮಾರಪರ್ವತದಲ್ಲಾದರೆ ನಡುದಾರಿಯಲ್ಲಿ ಗಿರಿಗದ್ದೆ ಭಟ್ಟರ ಮನೆ ಇದೆ, ಬಿಸಿ ಅನ್ನ ಸಾರು ಇದೆ ಅನ್ನುವ ಧೈರ್ಯ. ನಾನು ಹತ್ತಿದ್ದು ಹನ್ನೆರಡು ವರ್ಷದ ಹಿಂದೆ. ಆ ಧೈರ್ಯವನ್ನೇ ಇಲ್ಲಿಗೂ ಹೊತ್ತುಕೊಂಡು ಬಂದಿದ್ದೆ. ಈ ಸಲ ಅದನ್ನು ಮನೆಯಲ್ಲಿ ಬಿಟ್ಟು, ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನವೊಂದನ್ನು ಬಾಡಿಗೆಗೆ ತಂದೆ. ನಕ್ಷೆಯನ್ನು ಎರಡು ಫೋನಿಗೆ ಇಳಿಸಿಕೊಂಡು, ಏರ್‌ಪ್ಲೇನ್ ಮೋಡ್‌ನಲ್ಲಿ ತೆರೆಯುತ್ತದೋ ಇಲ್ಲವೋ ಎಂದು ಮನೆಯಲ್ಲೇ ನೋಡಿದೆ. ಒಂದರಲ್ಲಿ ತೆರೆಯಲಿಲ್ಲ.

ತಯಾರಿಗೆ ಆರು ವಾರ ಶನಿವಾರ ಶನಿವಾರ ಮೌಂಟ್ ಸಾಯ್ ಹತ್ತಿದೆವು. ಹೋಗಿ ಬರಲು 8 ಮೈಲಿ, ಮೂರು ಸಾವಿರ ಅಡಿಗಿಂತ ಸ್ವಲ್ಪ ಜಾಸ್ತಿ ಹತ್ತುವುದು. ಹತ್ತುವಾಗ ಏದುಸಿರು ಬಿಟ್ಟು ನಿಲ್ಲುತ್ತಿದ್ದೆವು, ಇಳಿಯುವಾಗ ಹರಟೆ ಹೊಡೆದುಕೊಂಡು ಓಡುತ್ತಿದ್ದೆವು. ಇಳಿಯುವುದನ್ನೂ ಅಭ್ಯಾಸ ಎಂದುಕೊಳ್ಳಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಊಟದ ಖಾತೆ ಹೆಂಡತಿಯದು. ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಸುರುಳಿ ಸುತ್ತಿ ಫಾಯಿಲ್‌ನಲ್ಲಿ ಇಟ್ಟಳು. ತಲೆಗೆ ಮೂರು. ಪುಳಿಯೋಗರೆ ಒಂದು ಡಬ್ಬಿ, ಶೇಂಗಾ ಚಿಕ್ಕಿ, ಕೋಡುಬಳೆ, ಉಪ್ಪು ಸಕ್ಕರೆಯ ಪುಡಿ. ಬಾಮೈದ ತಂದಿದ್ದ ದುಬಾರಿ ಎನರ್ಜಿ ಬಾರ್‌ಗಳನ್ನು ಕೊನೆಗೆ ಯಾರೂ ಮುಟ್ಟಲಿಲ್ಲ. ನೀರು ತಲೆಗೆ ಎರಡು ಲೀಟರ್ ಮಾತ್ರ. ದಾರಿ ಉದ್ದಕ್ಕೂ ಕೆರೆ, ತೊರೆ ಇರುವಾಗ ಹೊರುವುದು ಯಾಕೆ? ಆದರೆ ಫಿಲ್ಟರ್ ಬೇಕೇ ಬೇಕು. ಎಷ್ಟೇ ತಿಳಿಯಾಗಿ ಕಂಡರೂ ಆ ನೀರಿನಲ್ಲಿ ಹೊಟ್ಟೆ ಕೆಡಿಸುವ ಕ್ರಿಮಿ ಇರಬಹುದು. ಕೊನೆಗೆ ಅವಳು ಒಂದು ಡಬ್ಬಿ ಮೊಸರನ್ನ ಕಲಸಿ, ಐಸ್ ಪೆಟ್ಟಿಗೆಯಲ್ಲಿಟ್ಟು, 'ಇದು ಕೆಳಗಿನ ಕಾರಿಗೆ. ಇಳಿದವರಿಗೆ ಮಾತ್ರ' ಅಂದಳು. ಕೆಳಗಿನ ಕಾರಿನ ಕೀಗೆ ಅರಿಶಿನದ ದಾರ ಕಟ್ಟಿ, ತನ್ನ ಬ್ಯಾಗಿನ ಒಳಜೇಬಿನ ಜಿಪ್ಪಿಗೆ ಗಂಟು ಹಾಕಿದಳು. ಕೆಳಗಿನ ಕಾರಿನ ಕೀಯನ್ನು ಮೇಲಿನ ಕಾರಿನಲ್ಲೇ ಮರೆತವರ ಕಥೆಗಳನ್ನು ನಾವು ಸಾಕಷ್ಟು ಕೇಳಿದ್ದೆವು.

ಹಿಂದಿನ ರಾತ್ರಿ ಲೆವನ್‌ವರ್ತ್‌ನಲ್ಲಿ ಉಳಿದೆವು. 1960ರ ದಶಕದಲ್ಲಿ ವ್ಯಾಪಾರ ಬಿದ್ದುಹೋಗಿದ್ದಾಗ ಊರಿನವರೇ ಸೇರಿ ಜರ್ಮನಿಯ ಬವೇರಿಯಾದ ಹಳ್ಳಿಯ ವೇಷ ತೊಡಿಸಿದ ಊರು ಅದು. ನೋಡಲು ಚೆಂದ, ನಿದ್ದೆ ಮಾತ್ರ ಬರಲಿಲ್ಲ. ಮೂರು ಗಂಟೆಗೆ ಎದ್ದೆವು. ಕೆಳಗೆ ಒಂದು ಕಾರು ಬಿಟ್ಟು ಹೊರಟ ಮೇಲೆ ಗೆಳೆಯ, 'ಪಾಸ್ ಹಚ್ಚೇವೇನು?' ಅಂದ. ಇಲ್ಲ. ತಿರುಗಿ ಹೋಗಿ ಹಾಕಿ ಬಂದೆವು. ಅಲ್ಲೇ ಇಪ್ಪತ್ತು ನಿಮಿಷ ಹೋಯಿತು. ನಾಲ್ಕು ಐವತ್ತಕ್ಕೆ ಮೊದಲ ಹೆಜ್ಜೆ.

ಕತ್ತಲಲ್ಲಿ ಹೆಡ್‌ಲ್ಯಾಂಪ್ ಬೆಳಕು ಬಿದ್ದಷ್ಟೇ ಪ್ರಪಂಚ. ಪಕ್ಕದಲ್ಲಿ ಮೌಂಟನಿಯರ್ ಕ್ರೀಕ್ ಹರಿಯುವ ಸದ್ದು. ಏಳೂ ಇಪ್ಪತ್ತಕ್ಕೆ ಕೋಲ್ಚಕ್. ಮೊದಲ ಸಲ ಜನಜಾತ್ರೆಯಲ್ಲಿ ನೋಡಿದ್ದ ಕೆರೆ ಇದೇನಾ ಅನ್ನಿಸಿತು. ಹಿಮನದಿ ಬಂಡೆಯನ್ನು ಅರೆದ ಹಿಟ್ಟು ನೀರಿನಲ್ಲಿ ಕರಗದೆ ತೇಲುವುದರಿಂದ ಆ ನೀಲಿ ಹಸಿರು ಬಣ್ಣ ಬರುತ್ತದಂತೆ. ಕೆರೆಯ ಎತ್ತರ 5,570 ಅಡಿ. ಕುಮಾರಪರ್ವತದ ತುದಿಯೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ನಾನು ಇಷ್ಟು ವರ್ಷ ಹೇಳಿಕೊಂಡು ತಿರುಗಿದ ಸಾಹಸ ಇಲ್ಲಿನ ತಿಂಡಿ ಹೊತ್ತಿಗೆ ಮುಗಿದಿತ್ತು.

ಕೆರೆಯನ್ನು ಸುತ್ತಿ ಆಚೆ ಹೋಗುವ ದಾರಿಯಲ್ಲಿ ಕಾರಿನಷ್ಟು, ಕೋಣೆಯಷ್ಟು ದೊಡ್ಡ ಬಂಡೆಗಳ ರಾಶಿ. ಕೈಯೂರಿ ಒಂದರಿಂದ ಒಂದಕ್ಕೆ ಕಾಲಿಡಬೇಕು. ನಕ್ಷೆಯಲ್ಲಿ ಬೆರಳಗಲ ಕಾಣುವ ಈ ಜಾಗ ಒಂದು ಗಂಟೆಗಿಂತ ಜಾಸ್ತಿ ತಿಂದಿತು. ಆಸ್‌ಗಾರ್ಡ್ ಬುಡ ಮುಟ್ಟಿದಾಗ ಒಂಬತ್ತೂ ಐದು. ಕೆಂಪು ಗೆರೆಗೆ ಇನ್ನು ಇಪ್ಪತ್ತೈದು ನಿಮಿಷ.

ಮುಕ್ಕಾಲು ಮೈಲಿಯಲ್ಲಿ 2,200 ಅಡಿ. ಇದನ್ನು ಎಷ್ಟು ಸಲ ಓದಿದ್ದರೂ ಎದುರು ನಿಂತಾಗ ಬೇರೆ. ದಾರಿ ಅನ್ನುವುದೇ ಇಲ್ಲ. ಸಡಿಲ ಮಣ್ಣು, ಜಲ್ಲಿ, ಅಲ್ಲಲ್ಲಿ ಯಾರೋ ಒಟ್ಟಿಟ್ಟ ಕಲ್ಲಿನ ಗುಪ್ಪೆಗಳು. ಹತ್ತುವಾಗ ಎಡಗಡೆಯನ್ನೇ ಹಿಡಿಯಬೇಕು ಎಂದು ಹಾಳೆಯಲ್ಲಿ ಬರೆದುಕೊಂಡಿದ್ದೆ, ಹಿಡಿದೆವು. ಬೆಳಗಿನ ಹೊತ್ತು ನೆರಳಿತ್ತು, ಅದೊಂದು ಪುಣ್ಯ. ಅರ್ಧದಲ್ಲಿ ಬಾಮೈದ ಕೂತುಬಿಟ್ಟ. ಮುಖ ಬಿಳಿಚಿಕೊಂಡಿತ್ತು. 'ಭಾವ, ನೀವು ಹೋಗಿ. ನಾನು ಇಲ್ಲೇ ಇರ್ತೀನಿ' ಅಂದ. ಅವನಕ್ಕ ಏನೂ ಮಾತಾಡದೆ ಅವನ ಬ್ಯಾಗು ಬಿಚ್ಚಿ ನೋಡಿದಳು. ಒಳಗೆ ಕ್ಯಾಮೆರಾ, ಎರಡು ಲೆನ್ಸು, ಟ್ರೈಪಾಡು, ಒಂದು ಜೊತೆ ಎಕ್ಸ್‌ಟ್ರಾ ಶೂ! ನೀರು ಮಾತ್ರ ಮುಟ್ಟಿರಲೇ ಇಲ್ಲ. ಉಪ್ಪು ಸಕ್ಕರೆ ನೀರು ಕುಡಿಸಿ, ಒಂದು ಚಪಾತಿ ತಿನ್ನಿಸಿ, ಶೂ ನನ್ನ ಬ್ಯಾಗಿಗೆ, ಟ್ರೈಪಾಡು ಗೆಳೆಯನ ಬ್ಯಾಗಿಗೆ ಹೋದವು. ಹತ್ತು ನಿಮಿಷದಲ್ಲಿ ಬಣ್ಣ ಬಂತು. ಆದರೆ ಗಡಿಯಾರ? ನೆತ್ತಿಯ ಮೇಲೆ ಕಾಲಿಟ್ಟಾಗ ಹನ್ನೊಂದು ಐವತ್ತೆಂಟು. ಹನ್ನೆರಡೂ ಐದಾಗಿದ್ದರೆ ಏನು ಮಾಡುತ್ತಿದ್ದೆವು ಎಂದು ಆಮೇಲೆ ನಾವು ಬಹಳ ಸಲ ಜಗಳವಾಡಿದ್ದೇವೆ. ನಾನು ವಾಪಸ್ ಅನ್ನುತ್ತೇನೆ. ನನ್ನ ಮಾತನ್ನು ಯಾರೂ ನಂಬುವುದಿಲ್ಲ.

ನೆತ್ತಿಯ ಎತ್ತರ 7,800 ಅಡಿ, ನಮ್ಮ ಮುಳ್ಳಯ್ಯನಗಿರಿಗಿಂತ ಒಂದೂವರೆ ಸಾವಿರ ಅಡಿ ಮೇಲೆ. ಆಚೆ ಬದಿ ಬೇರೆಯೇ ಲೋಕ. ಮರವಿಲ್ಲ. ಬೂದುಬಣ್ಣದ ಬಂಡೆ, ಸೆಪ್ಟೆಂಬರ್‌ನಲ್ಲೂ ಕರಗದ ಹಿಮದ ತುಣುಕುಗಳು, ನಡುವೆ ಐಸೊಲೇಷನ್ ಕೆರೆ. ಬಲಕ್ಕೆ ಒಂದು ಶಿಖರ, ಹೆಸರು ಲಿಟಲ್ ಅನ್ನಪೂರ್ಣ. ಗೆಳೆಯ ಕೈಮುಗಿದು, 'ತಾಯಿ, ಇವತ್ತ ಪುಳಿಯೋಗರಿ ನೀನ ಕೊಟ್ಟೀ ಅಂತ ತಿಳಕೊಂತೀವಿ' ಎಂದು ಡಬ್ಬಿ ಬಿಚ್ಚಿದ. ಆಮೇಲೆ ಇನ್‌ಸ್ಪಿರೇಷನ್, ಪರ್ಫೆಕ್ಷನ್, ಲೆಪ್ರಕಾನ್, ವಿವಿಯನ್. ಇಲ್ಲಿನ ಎಷ್ಟೋ ಹೆಸರುಗಳನ್ನು ಕಥೆ ಪುರಾಣಗಳಿಂದ ಆರಿಸಿ ಇಟ್ಟವರು ಲೆವನ್‌ವರ್ತ್‌ನ ಬಿಲ್ ಮತ್ತು ಪೆಗ್ ಸ್ಟಾರ್ಕ್ ಎಂಬ ಗಂಡ ಹೆಂಡತಿ. ಒಂದು ಕೆರೆಯ ನೀರು ಬಂಡೆಯ ಮೇಲೆ ಜಾರಿ ಇನ್ನೊಂದಕ್ಕೆ ಬೀಳುತ್ತದೆ. ಆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಲಾರ್ಚ್‌ಗಳು ಇನ್ನೂ ಹಸಿರಾಗಿದ್ದವು. ಒಂದೇ ಒಂದು ಕೊಂಬೆ ಹಳದಿಗೆ ತಿರುಗಿತ್ತು. ಬಾಮೈದ ಅದರದೇ ನಲವತ್ತು ಫೋಟೋ ತೆಗೆದ.

ಬೆಟ್ಟದ ಬಿಳಿ ಮೇಕೆಗಳು ಅಲ್ಲಿ ನಮ್ಮೂರ ಬೀದಿ ಹಸುಗಳಷ್ಟು ಸಲೀಸಾಗಿ ಓಡಾಡುತ್ತವೆ. ಅವಕ್ಕೆ ಉಪ್ಪಿನ ಹುಚ್ಚು. ಮನುಷ್ಯರ ಬೆವರು, ಮೂತ್ರ ಎರಡೂ ಇಷ್ಟ. ಹಾಗಾಗಿ 50 ಗಜ ದೂರ ಇರಬೇಕು, ಮೂತ್ರಕ್ಕೆ ದಾರಿಯಿಂದ ದೂರ ಹೋಗಿ ಬಂಡೆಯ ಮೇಲೆ ಕೂರಬೇಕು. ಗಿಡದ ಬುಡಕ್ಕೆ ಹೋದರೆ ಮೇಕೆ ಬಂದು ಗಿಡವನ್ನೇ ಅಗೆದು ಹಾಕುತ್ತದೆ. ಇದನ್ನು ಮನೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕಿದ್ದರು. ಅಲ್ಲಿ ಒಂದು ದೊಡ್ಡ ಮೇಕೆ ಗೆಳೆಯನ ಹಿಂದೆಯೇ ಬಂಡೆ ಸುತ್ತಿ ಹೋದಾಗ ಅವನು ನಗಲಿಲ್ಲ.

ಮೂರೂವರೆಗೆ ವಿವಿಯನ್ ಕೆರೆ ಬಿಟ್ಟೆವು. ಅಲ್ಲಿಗೆ ನನ್ನ ಹಾಳೆ ಹರಿಯಿತು.

ವಿವಿಯನ್‌ನಿಂದ ಕೆಳಕ್ಕೆ ನುಣುಪು ಗ್ರಾನೈಟ್. ಜಾರುವ ಕಡೆ ಬಂಡೆಗೆ ಕಬ್ಬಿಣದ ಸರಳು ಹೊಡೆದಿದ್ದಾರೆ, ಅದರ ಮೇಲೆ ಕಾಲಿಟ್ಟು ಇಳಿಯಬೇಕು. ಸ್ನೋ ಕೆರೆ ಸೇರಿದಾಗ ಐದೂ ಕಾಲು. ಎರಡು ಸ್ನೋ ಕೆರೆಗಳ ನಡುವಿನ ಪುಟ್ಟ ಅಣೆಕಟ್ಟಿನ ಮೇಲೇ ದಾರಿ. ಈ ನೀರನ್ನು ಬೇಸಿಗೆಯಲ್ಲಿ ಕೆಳಗೆ ಬಿಟ್ಟು ಲೆವನ್‌ವರ್ತ್‌ನ ಮೀನುಮರಿ ಸಾಕುವ ಕೇಂದ್ರಕ್ಕೆ ಒಯ್ಯುತ್ತಾರೆ. ಅಲ್ಲಿಂದ ಕಾರಿಗೆ ಆರೂವರೆ ಮೈಲಿ, ನಾಲ್ಕು ಸಾವಿರ ಅಡಿ ಇಳಿಜಾರು. ನನ್ನ ಹಾಳೆಯಲ್ಲಿ ಇದಕ್ಕೆ ಎರಡೂವರೆ ಗಂಟೆ ಬರೆದಿದ್ದೆ. ಇಳಿಜಾರು ತಾನೆ ಅಂತ. ನಮಗೆ ನಾಲ್ಕು ಗಂಟೆ ಹಿಡಿಯಿತು.

ಮೌಂಟ್ ಸಾಯ್ ಇಳಿಯುವಾಗ ನನ್ನ ಮಂಡಿ ತಾಜಾ ಇರುತ್ತಿತ್ತು. ಇಲ್ಲಿ 12 ಮೈಲಿ ಆದ ಮೇಲೆ ಇಳಿಯುವುದು. ನಾಡಾ ಕೆರೆ ದಾಟುವಷ್ಟರಲ್ಲಿ ಬಲ ಮಂಡಿ ಪ್ರತಿ ಹೆಜ್ಜೆಗೂ ಚುಚ್ಚಲು ಶುರುವಾಯಿತು. ಊರುಗೋಲು ಒಂದು ಜೊತೆ ಸಾಕು, ಹಂಚಿಕೊಳ್ಳೋಣ ಎಂದು ದುಡ್ಡು ಉಳಿಸಿದವನು ನಾನೇ. ಹೆಂಡತಿ ತನ್ನ ಎರಡೂ ಕೋಲು ಕೊಟ್ಟಳು. ನಾನು ಅಡ್ಡಡ್ಡ ಏಡಿಯ ಥರ ಇಳಿದೆ. ಕತ್ತಲಾಯಿತು. ಹೆಡ್‌ಲ್ಯಾಂಪ್ ಮತ್ತೆ ಹಾಕಿಕೊಂಡೆವು. ಬೆಳಗ್ಗೆ ಖುಷಿ ಕೊಟ್ಟಿದ್ದ ಅದೇ ವೃತ್ತದ ಬೆಳಕು ಈಗ ಜೈಲು. ಕಾಡು ಸುಟ್ಟುಹೋದ ಇಳಿಜಾರಿನಲ್ಲಿ ದಾರಿ ಅತ್ತ ಇತ್ತ ತಿರುಗುತ್ತದೆ. ಕೆಳಗೆ ಐಸಿಕಲ್ ರಸ್ತೆಯ ಕಾರುಗಳ ದೀಪ ಕಾಣುತ್ತದೆ. ಒಂದು ಗಂಟೆ ನಡೆದ ಮೇಲೂ ಅಷ್ಟೇ ದೂರದಲ್ಲಿ ಕಾಣುತ್ತದೆ.

'ಇಳಿಯೂದು ಯಾವಾಗ ಮುಗೀತೈತಪಾ?' ಎಂದ ಗೆಳೆಯ.

'ಹಾಳೇಲಿ ಆರೂವರೆ ಅಂತಿದೆ' ಅಂದಳು ಹೆಂಡತಿ. ಆಗ ಎಂಟೂವರೆ.

ತಪ್ಪು ನನ್ನದೇ. ಹತ್ತುವುದಕ್ಕೆ ಕೆಂಪು ಗೆರೆ ಎಳೆದಿದ್ದೆ, ಇಳಿಯುವುದನ್ನು ಸುಮ್ನೆ ಭಾಗಾಕಾರ ಮಾಡಿ ಬರೆದಿದ್ದೆ. ಹಿಂದಕ್ಕೆ ಲೆಕ್ಕ ಹಾಕಿದ್ದು ಸರಿ, ಕೊನೆಯ ಸಾಲೇ ಸುಳ್ಳಾದರೆ ಮೇಲಿನ ಸಾಲುಗಳೆಲ್ಲ ಸುಳ್ಳು. ಸರಿಯಾಗಿ ಬರೆದಿದ್ದರೆ ಮೂರು ಗಂಟೆಗೇ ಹೊರಡಬೇಕಿತ್ತು. ಅಥವಾ ಹನ್ನೊಂದು ಐವತ್ತೆಂಟಕ್ಕೆ ವಾಪಸ್ ಆಗಬೇಕಿತ್ತು. ಇದನ್ನು ಆ ರಾತ್ರಿ ಯಾರ ಮುಂದೆಯೂ ಹೇಳಲಿಲ್ಲ.

ಐಸಿಕಲ್ ಹೊಳೆಯ ಸೇತುವೆ ದಾಟಿ ಕಾರಿನ ಹತ್ತಿರ ಬಂದಾಗ ಒಂಬತ್ತೂ ಇಪ್ಪತ್ತು. ಹೆಂಡತಿ ಬ್ಯಾಗು ಬಿಚ್ಚಿದಳು. ಅರಿಶಿನದ ದಾರ ಬೆವರಿಗೆ ನೆನೆದು ಗಂಟು ಬಿಗಿದುಕೊಂಡಿತ್ತು. ಮರಗಟ್ಟಿದ ಬೆರಳಲ್ಲಿ ಬಿಚ್ಚಲಾಗಲಿಲ್ಲ. ಬಾಮೈದ ಹಲ್ಲಿನಲ್ಲಿ ಕಚ್ಚಿ ಹರಿದ. ಬ್ಯಾಗಿನ ಬಟ್ಟೆಯೂ ಸ್ವಲ್ಪ ಹರಿಯಿತು. ಡಿಕ್ಕಿ ತೆರೆದು, ಐಸ್ ಪೆಟ್ಟಿಗೆ ಎಳೆದು, ನಾಲ್ಕು ಜನ ಡಿಕ್ಕಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತೆವು. ಐಸೆಲ್ಲ ಕರಗಿ ನೀರಾಗಿತ್ತು, ಮೊಸರು ಸ್ವಲ್ಪ ಹುಳಿ ಬಂದಿತ್ತು. ಚಮಚ ತರುವುದು ಯಾರೂ ಹಾಳೆಯಲ್ಲಿ ಬರೆದಿರಲಿಲ್ಲ. ಕೈಯಲ್ಲೇ ತಿಂದೆವು. ಡಬ್ಬಿ ಅರ್ಧ ಖಾಲಿಯಾದ ಮೇಲೆ ಗೆಳೆಯ ತಲೆ ಎತ್ತಿ, 'ಮ್ಯಾಲಿನ ಕಾರು ತರಾಕ ಯಾರು ಹೋಗ್ತೀರಿ?' ಅಂದ.